ವಿಸ್ಯಾಟ್ ಇಂಟರ್ನೆಟ್ ಯಾಕೆ ತೆವಳುತ್ತೆ, ಸರಿ ಮಾಡೋದು ಹೇಗೆ

ವಿಸ್ಯಾಟ್ ಅಂದರೆ ಚಿಕ್ಕ ಡಿಶ್ ಇಟ್ಟು ಉಪಗ್ರಹದ ಮೂಲಕ ಪಡೆಯುವ ಸಂಪರ್ಕ. ಅದರ ಬಗ್ಗೆ ಓದುಗರ ಪ್ರಶ್ನೆ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. "ಸಾರ್, 10 ಎಂಬಿಪಿಎಸ್ ಪ್ಲಾನ್ ತಗೊಂಡಿದ್ದೀವಿ. ಸ್ಪೀಡ್ ಟೆಸ್ಟ್‌ನಲ್ಲಿ 9 ಬರುತ್ತೆ. ಆದ್ರೆ ಯಾವ ವೆಬ್‌ಸೈಟ್ ತೆರೆಯೋಕೂ ಹತ್ತು ಸೆಕೆಂಡ್ ಬೇಕು. 20 ಎಂಬಿಪಿಎಸ್‌ಗೆ ಹೋಗೋಣ್ವಾ?" ಕೇಳುವವರು ಘಟ್ಟದ ಎಸ್ಟೇಟ್ ಆಫೀಸಿನವರು, ಫೈಬರ್ ಬಾರದ ಊರಿನ ಶಾಲೆಯವರು, ಹಡಗಿನಲ್ಲಿ ಕೆಲಸ ಮಾಡುವ ಮಂಗಳೂರು ಕಡೆಯ ಹುಡುಗರು. ಎಲ್ಲರಿಗೂ ನನ್ನ ಮೊದಲ ಉತ್ತರ ಒಂದೇ. ದುಡ್ಡು ಕಟ್ಟಬೇಡಿ, ಸ್ವಲ್ಪ ತಡೆಯಿರಿ.

ಯಾಕೆ ಅಂದರೆ ನಿಮ್ಮ ತೊಂದರೆ ಪೈಪಿನ ಅಗಲದ್ದಲ್ಲ, ಉದ್ದದ್ದು.

ಭೂಸ್ಥಿರ ಉಪಗ್ರಹ, ಅಂದರೆ ಆಕಾಶದಲ್ಲಿ ಒಂದೇ ಜಾಗದಲ್ಲಿ ನಿಂತಂತೆ ಕಾಣುವ ಉಪಗ್ರಹ, ಸಮಭಾಜಕ ವೃತ್ತದ ಮೇಲೆ 35,786 ಕಿ.ಮೀ. ಎತ್ತರದಲ್ಲಿರುತ್ತದೆ. ಕರ್ನಾಟಕದಿಂದ ಓರೆಯಾಗಿ ಅಳೆದರೆ ಸುಮಾರು 36,000 ಕಿ.ಮೀ. ನೀವು ಒಂದು ಕ್ಲಿಕ್ ಮಾಡಿದರೆ ಅದು ಮೇಲೆ ಹತ್ತಬೇಕು, ಕಂಪನಿಯ ಹಬ್‌ಗೆ (ನೆಲದ ಮೇಲಿನ ಮುಖ್ಯ ಕೇಂದ್ರಕ್ಕೆ) ಇಳಿಯಬೇಕು. ಉತ್ತರ ಮತ್ತೆ ಮೇಲೆ ಹತ್ತಿ ನಿಮ್ಮ ಡಿಶ್‌ಗೆ ಇಳಿಯಬೇಕು. ನಾಲ್ಕು ಸಲ 36,000 ಅಂದರೆ 1,44,000 ಕಿ.ಮೀ. ಬೆಳಕಿನ ವೇಗ ಸೆಕೆಂಡಿಗೆ ಸುಮಾರು 3 ಲಕ್ಷ ಕಿ.ಮೀ. ಹಾಗಾಗಿ ದಾರಿಗೇ 480 ಮಿಲಿಸೆಕೆಂಡ್ ಬೇಕು. ಮೋಡೆಮ್ ಮತ್ತು ಹಬ್ ತಮ್ಮ ಪಾಲು ಸೇರಿಸಿದ ಮೇಲೆ 600ರ ಆಸುಪಾಸು ಆಗುತ್ತದೆ. ಈ ಹೋಗಿಬರುವ ಸಮಯಕ್ಕೆ ನೆಟ್‌ವರ್ಕ್‌ನವರು ಆರ್‌ಟಿಟಿ ಅನ್ನುತ್ತಾರೆ. ಮುಂದೆ ಲೆಕ್ಕಕ್ಕೆಲ್ಲ 600 ಮಿಲಿಸೆಕೆಂಡ್ ಅಂತಲೇ ಹಿಡಿಯುತ್ತೇನೆ.

ಪೇಟೆ ದೂರ ಇರುವ ಮನೆಯನ್ನು ನೆನೆಸಿಕೊಳ್ಳಿ. ದೊಡ್ಡ ಲಾರಿ ತಂದರೆ ಸಾಮಾನು ಜಾಸ್ತಿ ಹಿಡಿಸುತ್ತದೆ, ದಾರಿಯೇನೂ ಕಡಿಮೆಯಾಗುವುದಿಲ್ಲ. ಉಪ್ಪಿಗೊಂದು ಸಲ, ಬೆಲ್ಲಕ್ಕೊಂದು ಸಲ, ಬೆಂಕಿಪೊಟ್ಟಣಕ್ಕೊಂದು ಸಲ ಪೇಟೆಗೆ ಹೋಗುವವರಿಗೆ ಲಾರಿ ಎಷ್ಟು ದೊಡ್ಡದಾದರೇನು? ಚೀಟಿ ಬರೆದುಕೊಂಡು ಒಂದೇ ಸಲ ಹೋಗಬೇಕು. ಕೆಳಗಿನ ಹಂತಗಳೆಲ್ಲ ಈ ಓಡಾಟ ಕಡಿಮೆ ಮಾಡುವ ಉಪಾಯಗಳೇ.

ಒಂದು ವೆಬ್ ಪುಟ ತೆರೆಯುವಾಗ ಆಗುವ ಓಡಾಟ ಎಣಿಸಿ ನೋಡಿ. ಹೆಸರಿಗೆ ವಿಳಾಸ ಹುಡುಕಲು ಒಂದು ಸಲ. ಇದು ಡಿಎನ್‌ಎಸ್, ಇಂಟರ್ನೆಟ್‌ನ ಫೋನ್ ಡೈರೆಕ್ಟರಿ. ಟಿಸಿಪಿ ಸಂಪರ್ಕ ಕೂಡಿಸಲು ಇನ್ನೊಂದು ಸಲ. ಟಿಸಿಪಿ ಅಂದರೆ ಕಳಿಸಿದ್ದು ತಲುಪಿತೇ ಅಂತ ಕೇಳಿ ಕೇಳಿ ಕಳಿಸುವ ಪದ್ಧತಿ. ಬೀಗ ಹಾಕುವ ಟಿಎಲ್‌ಎಸ್ 1.2ಕ್ಕೆ ಎರಡು ಸಲ. ಕೊನೆಗೆ "ಪುಟ ಕೊಡಿ" ಎಂದು ಕೇಳಲು ಒಂದು ಸಲ. ಒಟ್ಟು ಐದು. ಮೊದಲ ಅಕ್ಷರ ಬರುವಷ್ಟರಲ್ಲಿ 3 ಸೆಕೆಂಡ್ ಕಳೆದಿರುತ್ತದೆ. ಪುಟದಲ್ಲಿ ಬೇರೆ ಬೇರೆ ಕಡೆಯ ಚಿತ್ರ, ಜಾಹೀರಾತು, ಸ್ಕ್ರಿಪ್ಟ್ ಇದ್ದರೆ ಪ್ರತಿಯೊಂದಕ್ಕೂ ಮತ್ತೆ ಇದೇ ಕತೆ.

ಇಷ್ಟಕ್ಕೇ ಮುಗಿಯುವುದಿಲ್ಲ. ಟಿಸಿಪಿ ಮೊದಲಿಗೆ ಧೈರ್ಯ ಸಾಲದೆ 10 ಪ್ಯಾಕೆಟ್ (ಡೇಟಾದ ಚಿಕ್ಕ ತುಂಡು) ಮಾತ್ರ ಕಳಿಸುತ್ತದೆ, ಸುಮಾರು 14.6 ಕೆ.ಬಿ. "ಬಂತು" ಅಂತ ಉತ್ತರ ಬಂದ ಮೇಲೆ 20, ಆಮೇಲೆ 40. ಇದಕ್ಕೆ ಸ್ಲೋ ಸ್ಟಾರ್ಟ್ ಎನ್ನುತ್ತಾರೆ. 1 ಎಂ.ಬಿ. ಫೈಲಿಗೆ ಹೀಗೆ ಏಳು ಸುತ್ತು ಬೇಕು, ಅಂದರೆ 4.2 ಸೆಕೆಂಡ್. 10 ಎಂಬಿಪಿಎಸ್ ಪೈಪ್ ಪೂರ್ತಿ ತುಂಬಿ ಹರಿದರೆ ಅದೇ ಫೈಲಿಗೆ 0.8 ಸೆಕೆಂಡ್ ಸಾಕು. ಪ್ಲಾನ್ 20ಕ್ಕೆ ಏರಿಸಿದರೆ ಯಾಕೆ ಏನೂ ಆಗುವುದಿಲ್ಲ ಅಂತ ಈಗ ಗೊತ್ತಾಯಿತು ಅಲ್ವಾ?

ಹಾಗಂತ ಟಿಸಿಪಿಗೆ ಉಪಗ್ರಹ ಗೊತ್ತೇ ಇಲ್ಲ ಎಂದೇನಿಲ್ಲ. 1977ರ ನವೆಂಬರ್‌ನಲ್ಲಿ ಮೂರು ಬೇರೆ ಬೇರೆ ಜಾಲಗಳನ್ನು ಟಿಸಿಪಿಯಿಂದ ಜೋಡಿಸಿ ತೋರಿಸಿದಾಗ ಅದರಲ್ಲಿ ಒಂದು ಉಪಗ್ರಹದ ಜಾಲವೇ ಆಗಿತ್ತು. ಸ್ಲೋ ಸ್ಟಾರ್ಟ್ ಸೇರಿಕೊಂಡದ್ದು 1980ರ ದಶಕದ ಕೊನೆಗೆ, ನೆಲದ ಜಾಲಗಳು ಟ್ರಾಫಿಕ್ ಜಾಮ್ ಆಗಿ ಕುಸಿದ ಮೇಲೆ. ಮದ್ದು ನೆಲದ ಜಾಲಕ್ಕೆ ಒಗ್ಗಿತು, ಆಕಾಶದ ದಾರಿಗೆ ಭಾರವಾಯಿತು.

ಶುರು ಮಾಡುವ ಮೊದಲು

ನಿಮ್ಮದು ಯಾವ ಉಪಗ್ರಹ ಅಂತ ನೋಡಿಕೊಳ್ಳಿ. ಸ್ಟಾರ್‌ಲಿಂಕ್ ಥರದ ಉಪಗ್ರಹಗಳು ಸುಮಾರು 550 ಕಿ.ಮೀ. ಎತ್ತರದಲ್ಲಷ್ಟೇ ಓಡಾಡುತ್ತವೆ. ಅವುಗಳಲ್ಲಿ ಪಿಂಗ್ (ಆರ್‌ಟಿಟಿ ಅಳೆಯಲು ಕಳಿಸುವ ಚಿಕ್ಕ ಸಂದೇಶ) 30ರಿಂದ 60 ಮಿಲಿಸೆಕೆಂಡ್ ಬಂದರೆ ಈ ಲೇಖನದ ಬಹುಪಾಲು ನಿಮಗೆ ಬೇಡ, 5ನೇ ಹಂತ ಮಾತ್ರ ಓದಿ. ಜಿಸ್ಯಾಟ್-11 ಥರದ ಭೂಸ್ಥಿರ ಉಪಗ್ರಹದ ಕಡೆ ಮುಖ ಮಾಡಿ ಅಲುಗಾಡದೆ ನಿಂತ ಡಿಶ್ ಆದರೆ ಪೂರ್ತಿ ಓದಿ. ಇಸ್ರೋದ ಇಂಥ ಉಪಗ್ರಹಗಳು ಜಾಗ ಬಿಟ್ಟು ಅಲ್ಲಾಡದಂತೆ ನೋಡಿಕೊಳ್ಳುವ ಕೇಂದ್ರ ನಮ್ಮ ಹಾಸನದಲ್ಲೇ ಇದೆ. ಹೀಗಾಗಿ ಡಿಶ್ ಒಮ್ಮೆ ಸರಿಯಾಗಿ ಕೂರಿಸಿದ ಮೇಲೆ ಅದನ್ನು ಮುಟ್ಟುವ ಕೆಲಸ ಬಹಳ ಕಡಿಮೆ.

ಬೇಕಾಗುವುದು ಇಷ್ಟು. ಒಂದು ಲ್ಯಾಪ್‌ಟಾಪ್. ಮೋಡೆಮ್‌ಗೆ ಜೋಡಿಸಲು ಓಪನ್‌ಡಬ್ಲ್ಯುಆರ್‌ಟಿ ಹಾಕಬಹುದಾದ ರೌಟರ್ (ಇದು ರೌಟರ್‌ಗಾಗಿಯೇ ಮಾಡಿದ ಉಚಿತ ಲಿನಕ್ಸ್). ಒಂದು ನೋಟ್‌ಬುಕ್, ಪೆನ್ನು. ಫೈಬರ್ ಇರುವ ಕಡೆ ನಿಮ್ಮದೇ ಒಂದು ಸರ್ವರ್ ಇದ್ದರೆ ಇನ್ನೂ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ.

1. ಮೊದಲು ಅಳೆಯಿರಿ, ಬರೆದಿಡಿ

ವೈ-ಫೈ ಬೇಡ, ತಂತಿ ಹಾಕಿ. ನೂರು ಪಿಂಗ್ ಕಳಿಸಿ. ಮೊದಲನೆಯದು 1,200 ಬಂದು ಆಮೇಲೆ 600ಕ್ಕೆ ಇಳಿದರೆ ಗಾಬರಿಯಾಗಬೇಡಿ. ಎಷ್ಟೋ ವಿಸ್ಯಾಟ್ ಲಿಂಕ್‌ಗಳಲ್ಲಿ ಸುಮ್ಮನೆ ಕೂತ ಮೋಡೆಮ್ ಮಾತಾಡುವ ಮೊದಲು ಹಬ್ ಹತ್ತಿರ ಸರದಿ ಕೇಳಬೇಕು. ಆ ಕೇಳುವುದಕ್ಕೇ ಒಂದು ಸಲ ಆಕಾಶಕ್ಕೆ ಹೋಗಿಬರುತ್ತದೆ.

ಈಗ ಒಂದು ದೊಡ್ಡ ಫೈಲ್ ಅಪ್‌ಲೋಡ್‌ಗೆ ಹಾಕಿ, ಅದು ನಡೆಯುತ್ತಿರುವಾಗ ಮತ್ತೆ ನೂರು ಪಿಂಗ್ ಕಳಿಸಿ. 600 ಇದ್ದದ್ದು 2,000 ದಾಟಿತೇ? ಹಾಗಾದರೆ ಮೋಡೆಮ್ ಒಳಗೆ ಪ್ಯಾಕೆಟ್‌ಗಳು ಉದ್ದ ಸಾಲು ಹಚ್ಚಿವೆ. ಅದಕ್ಕೆ 5ನೇ ಹಂತದಲ್ಲಿ ಮದ್ದಿದೆ.

ಮೂರನೆಯ ಅಳತೆಯನ್ನು ಯಾರೂ ಮಾಡುವುದಿಲ್ಲ, ಆದರೆ ಅದೇ ತುಂಬ ಮುಖ್ಯ. ಬ್ರೌಸರ್‌ನಲ್ಲಿ ಎಫ್12 ಒತ್ತಿ, ನೆಟ್‌ವರ್ಕ್ ಎಂಬ ಕಡೆ ಹೋಗಿ, ಯಾವುದಾದರೂ ಸೈಟ್ ತೆರೆಯಿರಿ. ಮೊದಲ ಸಾಲಿನ ಮೇಲೆ ಕ್ಲಿಕ್ ಮಾಡಿ ಟೈಮಿಂಗ್ ನೋಡಿದರೆ ಸಂಪರ್ಕ ಕೂಡಲು ಎಷ್ಟು ಹೊತ್ತು ಹಿಡಿಯಿತು ಅಂತ ಬಿಡಿಬಿಡಿಯಾಗಿ ತೋರಿಸುತ್ತದೆ. ಪಿಂಗ್ 600 ಇದ್ದೂ ಬರೀ ಟಿಸಿಪಿ ಸಂಪರ್ಕ 5 ಮಿಲಿಸೆಕೆಂಡ್‌ನಲ್ಲಿ ಕೂಡಿದರೆ? ಬೆಳಕಿಗಿಂತ ಬೇಗ ಯಾರೂ ಹೋಗಿಬರಲು ಆಗುವುದಿಲ್ಲ. ನಡುವೆ ನಿಮ್ಮ ಮೋಡೆಮ್ಮೇ ದೂರದ ಸರ್ವರ್ ವೇಷ ಹಾಕಿ ಉತ್ತರ ಕೊಟ್ಟಿದೆ. ಇದು ಕೆಟ್ಟದ್ದಲ್ಲ, ಬೇಕಾದದ್ದೇ. ಇದರ ಹೆಸರು ಪೆಪ್. 4ನೇ ಹಂತದಲ್ಲಿ ಹೇಳುತ್ತೇನೆ. ಇದೆಯೋ ಇಲ್ಲವೋ ಅಂತ ಈಗಲೇ ನೋಟ್‌ಬುಕ್‌ನಲ್ಲಿ ಬರೆದಿಡಿ.

ಎಲ್ಲ ಅಳತೆಗಳನ್ನೂ ಬೆಳಿಗ್ಗೆ ಒಮ್ಮೆ, ರಾತ್ರಿ ಎಂಟರ ಹೊತ್ತಿಗೆ ಒಮ್ಮೆ ಮಾಡಿ. ಮಳೆಗಾಲವಾದರೆ ಜೋರು ಮಳೆಯಲ್ಲಿ ಮೂರನೇ ಸಲ.

2. ಡಿಎನ್‌ಎಸ್ ಮನೆಯಲ್ಲೇ ಇಟ್ಟುಕೊಳ್ಳಿ

ಇಷ್ಟು ಅಗ್ಗದಲ್ಲಿ ಇಷ್ಟು ಲಾಭ ಕೊಡುವ ಕೆಲಸ ಬೇರೆ ಇಲ್ಲ. ರೌಟರ್‌ನಲ್ಲಿ ಡಿಎನ್‌ಎಸ್ ಕ್ಯಾಷ್ (ಕೇಳಿದ ವಿಳಾಸಗಳನ್ನು ನೆನಪಿಟ್ಟುಕೊಳ್ಳುವ ಜಾಗ) ಇದ್ದರೆ, ಆಫೀಸಿನಲ್ಲಿ ಒಬ್ಬರು ಕೇಳಿದ ವಿಳಾಸ ಉಳಿದವರಿಗೆಲ್ಲ ತಕ್ಷಣ ಸಿಗುತ್ತದೆ. ಓಪನ್‌ಡಬ್ಲ್ಯುಆರ್‌ಟಿಯಲ್ಲಿ ಈ ಕೆಲಸ ಮಾಡುವ ಡಿಎನ್‌ಎಸ್‌ಮಾಸ್ಕ್ ಮೊದಲೇ ಇರುತ್ತದೆ. ಅದರ ಕ್ಯಾಷ್ ಗಾತ್ರ ಹೆಚ್ಚಿಸಿದರೂ ಸಾಕು. ನನ್ನ ಆಯ್ಕೆ ಅನ್‌ಬೌಂಡ್ ಎಂಬ ಇನ್ನೊಂದು ತಂತ್ರಾಂಶ. ಯಾಕೆಂದರೆ ಅದರಲ್ಲಿ ಎರಡು ಒಳ್ಳೆಯ ಗುಣಗಳಿವೆ. ಒಂದು, ವಿಳಾಸದ ಅವಧಿ ಮುಗಿಯುವ ಮೊದಲೇ ತಾನಾಗಿ ಹೊಸದು ತಂದಿಟ್ಟುಕೊಳ್ಳುತ್ತದೆ. ಇನ್ನೊಂದು, ಅವಧಿ ಮುಗಿದ ವಿಳಾಸವನ್ನೇ ಸದ್ಯಕ್ಕೆ ಕೊಟ್ಟು, ಹಿಂದಿನಿಂದ ಹೊಸದನ್ನು ತರಿಸುತ್ತದೆ. ಎರಡೂ ಆಯ್ಕೆಗಳನ್ನು ನೀವೇ ಆನ್ ಮಾಡಬೇಕು.

ಅನ್‌ಬೌಂಡ್‌ನ ಫಾರ್ವರ್ಡ್ ಸೆಟ್ಟಿಂಗ್ ಮರೆಯಬೇಡಿ. ಬಿಟ್ಟರೆ ಅದು ಮೂಲ ಸರ್ವರ್‌ನಿಂದ ಶುರುಮಾಡಿ ಒಂದೊಂದೇ ಮೆಟ್ಟಿಲು ಹತ್ತಿ ವಿಳಾಸ ಹುಡುಕುತ್ತದೆ. ಫೈಬರ್‌ನಲ್ಲಿ ಪರವಾಗಿಲ್ಲ. ಇಲ್ಲಿ ಪ್ರತಿ ಮೆಟ್ಟಿಲಿಗೂ 600 ಮಿಲಿಸೆಕೆಂಡ್. ಕಂಪನಿಯವರ ಡಿಎನ್‌ಎಸ್‌ಗೆ ಫಾರ್ವರ್ಡ್ ಮಾಡಿದರೆ ಆ ಮೆಟ್ಟಿಲು ಹತ್ತುವ ಕೆಲಸ ನೆಲದ ಮೇಲೇ ನಡೆದುಹೋಗುತ್ತದೆ.

ಎಚ್ಚರಿಕೆ: ಈಗಿನ ಬ್ರೌಸರ್‌ಗಳಲ್ಲಿ 'ಸೆಕ್ಯೂರ್ ಡಿಎನ್‌ಎಸ್' ಆನ್ ಇದ್ದರೆ ಅವು ನಿಮ್ಮ ರೌಟರನ್ನು ಕೇಳುವುದೇ ಇಲ್ಲ, ನೇರ ಹೊರಗೆ ಕೇಳುತ್ತವೆ. "ಕ್ಯಾಷ್ ಹಾಕಿದೆ, ಏನೂ ವ್ಯತ್ಯಾಸ ಆಗ್ಲಿಲ್ಲ" ಅನ್ನುವವರು ಮೊದಲು ಇದನ್ನು ನೋಡಿ. ಗುಟ್ಟು ಬೇಕು ಅನ್ನುವವರು ಆ ಬೀಗವನ್ನು ಬ್ರೌಸರ್ ಬದಲು ರೌಟರ್‌ನಲ್ಲೇ ಹಾಕಿಕೊಳ್ಳಿ.

3. ಟಿಸಿಪಿಯ ಕಿಟಕಿ ಮತ್ತು ಧೈರ್ಯ

ಉತ್ತರ ಬರುವವರೆಗೆ ಎಷ್ಟು ಡೇಟಾ ದಾರಿಯಲ್ಲಿ ಇರಬಹುದು ಎಂಬ ಮಿತಿಗೆ ವಿಂಡೋ ಎನ್ನುತ್ತಾರೆ. ಮೂಲ ಟಿಸಿಪಿಯಲ್ಲಿ ಇದು 65,535 ಬೈಟ್ ಮೀರುವಂತಿರಲಿಲ್ಲ. 600 ಮಿಲಿಸೆಕೆಂಡ್‌ಗೆ 65,535 ಬೈಟ್ ಅಂದರೆ ಸೆಕೆಂಡಿಗೆ ಸುಮಾರು 870 ಕಿಲೋಬಿಟ್. ಪ್ಲಾನ್ ನೂರು ಎಂಬಿಪಿಎಸ್ ಇರಲಿ, ಒಂದು ಸಂಪರ್ಕ ಅದನ್ನು ಮೀರುವುದಿಲ್ಲ. 10 ಎಂಬಿಪಿಎಸ್ ಪೂರ್ತಿ ತುಂಬಬೇಕಾದರೆ 750 ಕೆ.ಬಿ. ದಾರಿಯಲ್ಲೇ ಇರಬೇಕು.

ಇದಕ್ಕೆ 1992ರಲ್ಲೇ ಪರಿಹಾರ ಬಂತು, ವಿಂಡೋ ಸ್ಕೇಲಿಂಗ್. ಇವತ್ತಿನ ಲಿನಕ್ಸ್, ವಿಂಡೋಸ್, ಆಂಡ್ರಾಯ್ಡ್ ಎಲ್ಲದರಲ್ಲೂ ತಾನಾಗಿ ಆನ್ ಇರುತ್ತದೆ. ಹಾಗಾದರೆ ಮಾಡುವುದೇನು? ಕೆಡಿಸದೆ ಇರುವುದು! ಇಂಟರ್ನೆಟ್ ವೇಗ ಹೆಚ್ಚಿಸುತ್ತೇವೆ ಅನ್ನುವ ಹಳೆಯ ಟಿಪ್ಸ್ ಓದಿ, ವಿಂಡೋಸ್‌ನ ಆಟೋ ಟ್ಯೂನಿಂಗ್ ಆಫ್ ಮಾಡಿಕೊಂಡವರು ಬಹಳ ಜನ. ಅದು 'ನಾರ್ಮಲ್' ಅಂತ ಇರಬೇಕು. ಆಫ್ ಮಾಡಿದ್ದರೆ ವಾಪಸ್ ಹಾಕಿ. ಹಳೆಯ ಸಿಸಿಟಿವಿ ಡಿವಿಆರ್, ಎಕ್ಸ್‌ಪಿ ಕಾಲದ ಕಂಪ್ಯೂಟರ್ ಇದ್ದರೆ ಅವು ಮಾತ್ರ 870 ಕಿಲೋಬಿಟ್‌ನಲ್ಲೇ ನಿಲ್ಲಬಹುದು. ಅಲ್ಲಿ ಪೆಪ್ ಬಿಟ್ಟರೆ ಬೇರೆ ದಾರಿ ಇಲ್ಲ.

ಮುಂದಿನದು ಕಂಜೆಷನ್ ಕಂಟ್ರೋಲ್. ದಾರಿಯಲ್ಲಿ ಪ್ಯಾಕೆಟ್ ಕಳೆದುಹೋದರೆ ಕಳಿಸುವವನು ಎಷ್ಟು ತಗ್ಗಬೇಕು, ಮತ್ತೆ ಎಷ್ಟು ಬೇಗ ಏರಬೇಕು ಎಂಬ ನಿಯಮ ಇದು. ಹಳೆಯ ರೀನೋ ಪದ್ಧತಿಯಲ್ಲಿ ಒಂದು ಪ್ಯಾಕೆಟ್ ಕಳೆದರೆ ವೇಗ ಅರ್ಧಕ್ಕಿಳಿಯುತ್ತದೆ. ಆಮೇಲೆ ಒಂದೊಂದು ಆರ್‌ಟಿಟಿಗೆ ಒಂದೊಂದೇ ಪ್ಯಾಕೆಟ್ ಏರುತ್ತದೆ. ನಮ್ಮ 10 ಎಂಬಿಪಿಎಸ್ ಲಿಂಕ್‌ನಲ್ಲಿ ದಾರಿಯಲ್ಲಿ ಸುಮಾರು 514 ಪ್ಯಾಕೆಟ್ ಇರುತ್ತವೆ. ಅರ್ಧಕ್ಕಿಳಿದು 257 ಮತ್ತೆ ಏರಲು 257 ಸುತ್ತು, ಅಂದರೆ ಎರಡೂವರೆ ನಿಮಿಷ. ಒಂದು ಗುಡುಗಿಗೆ ಒಂದು ಪ್ಯಾಕೆಟ್ ಹೋದರೂ ಎರಡೂವರೆ ನಿಮಿಷದ ಶಿಕ್ಷೆ!

ಲಿನಕ್ಸ್‌ನಲ್ಲಿ ಈಗ ಸಾಮಾನ್ಯವಾಗಿ ಇರುವುದು ಕ್ಯೂಬಿಕ್. ಅದು ಆರ್‌ಟಿಟಿ ಎಣಿಸದೆ ಗಡಿಯಾರ ನೋಡಿ ಏರುವುದರಿಂದ ಇಷ್ಟು ಕೆಟ್ಟದಾಗುವುದಿಲ್ಲ. ಆದರೆ ಅದರೊಳಗಿನ ಹೈಸ್ಟಾರ್ಟ್ ಎಂಬ ಭಾಗಕ್ಕೆ ಅನುಮಾನ ಜಾಸ್ತಿ. ಪಿಂಗ್ ಸ್ವಲ್ಪ ಏರಿಳಿದರೂ ಸಾಲು ಕಟ್ಟಿದೆ ಅಂದುಕೊಂಡು ಸ್ಲೋ ಸ್ಟಾರ್ಟನ್ನು ಅರ್ಧದಲ್ಲೇ ನಿಲ್ಲಿಸುತ್ತದೆ. ವಿಸ್ಯಾಟ್‌ನಲ್ಲಿ ಪಿಂಗ್ ಏರಿಳಿಯುವುದು ಸಹಜ. ಗೂಗಲ್ 2016ರಲ್ಲಿ ತಂದ ಬಿಬಿಆರ್ ಪ್ಯಾಕೆಟ್ ಕಳೆಯಿತೇ ಅನ್ನುವುದಕ್ಕಿಂತ ಪೈಪ್ ಎಷ್ಟು ಹರಿಯುತ್ತಿದೆ ಎಂದು ಅಳೆಯುತ್ತದೆ. ನನ್ನ ಅನುಭವದಲ್ಲಿ ಉಪಗ್ರಹಕ್ಕೆ ಮೊದಲು ಪ್ರಯತ್ನಿಸಬೇಕಾದದ್ದು ಇದೇ. ಇಟಲಿಯ ಕಾರ್ಲೊ ಕೈನಿ ಮತ್ತು ರೊಸಾರಿಯೊ ಫಿರಿಂಚಿಯೆಲಿ 2004ರಲ್ಲಿ ಉಪಗ್ರಹಕ್ಕಾಗಿಯೇ ಮಾಡಿದ ಹೈಬ್ಲಾ ಕೂಡ ಲಿನಕ್ಸ್‌ನಲ್ಲಿದೆ. ತನ್ನ ಆರ್‌ಟಿಟಿ 25 ಮಿಲಿಸೆಕೆಂಡ್ ಇದ್ದಿದ್ದರೆ ಎಷ್ಟು ಬೇಗ ಏರುತ್ತಿದ್ದೆನೋ ಅಷ್ಟು ಬೇಗ ಏರಲು ಅದು ನೋಡುತ್ತದೆ. ಲಿಂಕ್ ನಿಮ್ಮೊಬ್ಬರದೇ ಆದರೆ ಚೆನ್ನ. ಹತ್ತು ಜನ ಹಂಚಿಕೊಳ್ಳುವ ಕಡೆ ಹಾಕಿದರೆ ಉಳಿದವರ ತಟ್ಟೆಗೂ ಕೈ ಹಾಕುತ್ತದೆ.

ಈ ಹಂತದಲ್ಲಿ ಎಲ್ಲರೂ ಎಡವುವುದು ಇಲ್ಲೇ: ಈ ನಿಯಮ ನಡೆಯುವುದು ಕಳಿಸುವವನ ಕಡೆ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಬಿಬಿಆರ್ ಹಾಕಿದರೆ ಅಪ್‌ಲೋಡ್ ಸುಧಾರಿಸಬಹುದು, ಡೌನ್‌ಲೋಡ್‌ಗೆ ಒಂದಿಷ್ಟೂ ಪ್ರಯೋಜನವಿಲ್ಲ. ಡೌನ್‌ಲೋಡ್ ಸುಧಾರಿಸಬೇಕಾದರೆ ಆ ಕಡೆಯ ಸರ್ವರ್‌ನಲ್ಲಿ ಹಾಕಬೇಕು. ನಿಮ್ಮದೇ ಸರ್ವರ್ ಇದ್ದರೆ ಒಳ್ಳೆಯದು ಅಂದದ್ದು ಇದಕ್ಕೇ. ಅದರಲ್ಲಿ ಟಿಎಲ್‌ಎಸ್ 1.3 ಕೂಡ ಆನ್ ಮಾಡಿ. ಬೀಗಕ್ಕೆ ಎರಡರ ಬದಲು ಒಂದೇ ಓಡಾಟ ಸಾಕಾಗುತ್ತದೆ.

4. ಪೆಪ್, ವಿಪಿಎನ್ ಮತ್ತು ಕ್ವಿಕ್ ನಡುವಿನ ಜಗಳ

ಪೆಪ್ ಅಂದರೆ ನಡುವೆ ನಿಂತು ಟಿಸಿಪಿಯನ್ನು ಓಡಿಸುವ ದಳ್ಳಾಳಿ. ಒಬ್ಬ ನಿಮ್ಮ ಮೋಡೆಮ್‌ನಲ್ಲಿ ಕೂತಿರುತ್ತಾನೆ, ಇನ್ನೊಬ್ಬ ಹಬ್‌ನಲ್ಲಿ. ನಿಮ್ಮ ಕಂಪ್ಯೂಟರ್‌ಗೆ "ಬಂತು, ಬಂತು, ಮುಂದಿನದು ಕಳಿಸು" ಎಂದು ಮೋಡೆಮ್ಮೇ ಹೇಳಿಬಿಡುತ್ತದೆ. ಆಕಾಶದ ದಾರಿಯಲ್ಲಿ ಮಾತ್ರ ಇಬ್ಬರು ದಳ್ಳಾಳಿಗಳು ತಮ್ಮದೇ ಭಾಷೆಯಲ್ಲಿ, ಸ್ಲೋ ಸ್ಟಾರ್ಟ್ ಗೀಳಿಲ್ಲದೆ ಸಾಗಿಸುತ್ತಾರೆ. ಇಂಟರ್ನೆಟ್ ನಿಯಮಗಳ ಸಾಲಿನಲ್ಲಿ 2001ರ ಆರ್‌ಎಫ್‌ಸಿ 3135 ಇದರ ಒಳಿತು ಕೆಡುಕು ಎರಡನ್ನೂ ವಿವರವಾಗಿ ಹೇಳುತ್ತದೆ.

ದಳ್ಳಾಳಿ ಕೆಲಸ ಮಾಡಬೇಕಾದರೆ ಅವನಿಗೆ ಟಿಸಿಪಿಯ ತಲೆಬರಹ ಕಾಣಬೇಕು. ವಿಪಿಎನ್ (ಆಫೀಸಿನ ಜಾಲಕ್ಕೆ ಹೋಗುವ ಗುಟ್ಟಿನ ಸುರಂಗ) ಹಾಕಿದರೆ ಎಲ್ಲವೂ ಮುಚ್ಚಿದ ಲಕೋಟೆ. ಮಲೆನಾಡಿನ ಒಂದು ಎಸ್ಟೇಟ್ ಆಫೀಸಿನಲ್ಲಿ ಇದೇ ಆಗಿತ್ತು. ಮೊದಲು 8 ಎಂಬಿಪಿಎಸ್ ಓಡುತ್ತಿದ್ದ ಲಿಂಕ್, ಹೆಡ್ ಆಫೀಸ್ ಹೇಳಿತು ಅಂತ ವಿಪಿಎನ್ ಹಾಕಿದ ದಿನದಿಂದ ಒಂದೂವರೆ ದಾಟಲಿಲ್ಲ. ಎರಡು ವಾರ ಡಿಶ್ ತಿರುಗಿಸಿ, ಕೇಬಲ್ ಬದಲಿಸಿ ಸುಸ್ತಾದರು. ಡಿಶ್ ಪಾಪ ಸರಿಯಾಗೇ ಇತ್ತು.

ವಿಪಿಎನ್ ಬೇಕೇ ಬೇಕು ಅನ್ನುವವರಿಗೆ ಮೂರು ದಾರಿ. ಮೊದಲನೆಯದು, ಎಲ್ಲವನ್ನೂ ವಿಪಿಎನ್ ಒಳಗೆ ತಳ್ಳಬೇಡಿ. ಆಫೀಸಿನ ಸರ್ವರ್‌ಗೆ ಹೋಗುವುದು ಮಾತ್ರ ಒಳಗೆ ಹೋಗಲಿ, ಉಳಿದದ್ದು ನೇರ ಹೋಗಲಿ. ಎರಡನೆಯದು, ಲಕೋಟೆಗೆ ಹಾಕುವ ಮೊದಲೇ ದಳ್ಳಾಳಿ ಇಡಿ. ಅಂದರೆ ನಿಮ್ಮ ರೌಟರ್‌ನಲ್ಲಿ ಮೊದಲು ಪೆಪ್, ಅದರ ಆಚೆ ವಿಪಿಎನ್. ಪೆಪ್‌ಸಾಲ್ ಎಂಬ ಉಚಿತ ತಂತ್ರಾಂಶ ಇದಕ್ಕಿದೆ. ಸ್ವಲ್ಪ ಲಿನಕ್ಸ್ ಗೊತ್ತಿದ್ದವರ ಕೈಯಲ್ಲಿ ಮಾಡಿಸಿ. ಮೂರನೆಯದು, ಆಫೀಸಿನ ಸರ್ವರ್‌ನಲ್ಲಿ ಬಿಬಿಆರ್ ಹಾಕಿಸಿ ಸುಮ್ನೆ ಇರುವುದು. ನಾನು ಮೊದಲನೆಯದನ್ನೂ ಮೂರನೆಯದನ್ನೂ ಕೂಡಿಸಿ ಮಾಡುತ್ತೇನೆ.

ವಿಪಿಎನ್ ಆಯ್ಕೆಯಲ್ಲಿ ಟಿಸಿಪಿ, ಯುಡಿಪಿ ಎರಡೂ ಇದ್ದರೆ ಯುಡಿಪಿ ಆರಿಸಿ. ಯುಡಿಪಿ ಅಂದರೆ ತಲುಪಿತೇ ಅಂತ ಕೇಳದೆ ಕಳಿಸುವ ಪದ್ಧತಿ. ಟಿಸಿಪಿ ಒಳಗೆ ಟಿಸಿಪಿ ಹಾಕಿದರೆ ಒಂದು ಪ್ಯಾಕೆಟ್ ಕಳೆದಾಗ ಇಬ್ಬರೂ ಮತ್ತೆ ಮತ್ತೆ ಕಳಿಸುತ್ತಾ ಕೂರುತ್ತಾರೆ. ಉಪಗ್ರಹದ ಲಿಂಕ್‌ನಲ್ಲಿ ಅದರ ಫಲ ನೋಡಲಾಗದು.

ಇನ್ನು ಕ್ವಿಕ್. ಇದು 2021ರಲ್ಲಿ ಆರ್‌ಎಫ್‌ಸಿ 9000 ಆಗಿ ಬಂದ ಹೊಸ ಪದ್ಧತಿ. ಸಂಪರ್ಕ ಮತ್ತು ಬೀಗ ಎರಡನ್ನೂ ಒಂದೇ ಓಡಾಟದಲ್ಲಿ ಮುಗಿಸುತ್ತದೆ. ಹಿಂದೆ ಭೇಟಿ ಕೊಟ್ಟ ಸೈಟ್ ಆದರೆ ಕೆಲವೊಮ್ಮೆ ಅದೂ ಬೇಡ, ಮೊದಲ ಪ್ಯಾಕೆಟ್‌ನಲ್ಲೇ ಪುಟ ಕೇಳಿಬಿಡುತ್ತದೆ. ಕೇಳಲು ಉಪಗ್ರಹಕ್ಕೇ ಮಾಡಿಸಿದಂತಿದೆ. ಆದರೆ ಕ್ವಿಕ್ ತನ್ನ ತಲೆಬರಹವನ್ನೂ ಮುಚ್ಚುತ್ತದೆ. ಪೆಪ್ ದಳ್ಳಾಳಿಗೆ ಇಲ್ಲೂ ಕೆಲಸವಿಲ್ಲ. ಹಾಗಾಗಿ ಚಿಕ್ಕ ಪುಟಗಳು ಬೇಗ ತೆರೆಯುತ್ತವೆ, ದೊಡ್ಡ ಡೌನ್‌ಲೋಡ್ ಮಾತ್ರ ಪೆಪ್ ಇರುವ ಟಿಸಿಪಿಗಿಂತ ನಿಧಾನವಾಗಬಹುದು. ಕ್ರೋಮ್‌ನ ಫ್ಲಾಗ್ಸ್ ಪುಟದಲ್ಲಿ ಕ್ವಿಕ್ ಆಫ್ ಮಾಡಿ ಒಂದು ದಿನ, ಆನ್ ಮಾಡಿ ಒಂದು ದಿನ ನೋಡಿ. ಪೆಪ್ ಇಲ್ಲದ ಲಿಂಕ್ ಆದರೆ ಯೋಚಿಸುವುದೇ ಬೇಡ, ಕ್ವಿಕ್ ಇರಲಿ. ಪೆಪ್ ಇರುವವರು ಮಾತ್ರ ಅಳೆದು ನಿರ್ಧರಿಸಿ. ಯಾರೋ ಹೇಳಿದರು ಅಂತ ರೌಟರ್‌ನಲ್ಲಿ ಕ್ವಿಕ್ಕನ್ನು ಪೂರ್ತಿ ತಡೆಯಬೇಡಿ.

5. ಸಾಲು ಚಿಕ್ಕದು ಮಾಡಿ

1ನೇ ಹಂತದಲ್ಲಿ ಅಪ್‌ಲೋಡ್ ಹೊತ್ತಿನ ಪಿಂಗ್ 2,000 ದಾಟಿದವರಿಗೆ ಇದು. ಮೋಡೆಮ್‌ನಲ್ಲಿ ದೊಡ್ಡ ಗೋದಾಮು ಇರುತ್ತದೆ. ಯಾರೋ ಒಬ್ಬರು ವಿಡಿಯೋ ಕಳಿಸಿದರೆ ಗೋದಾಮು ತುಂಬುತ್ತದೆ, ಉಳಿದವರ ಚಿಕ್ಕ ಪ್ಯಾಕೆಟ್‌ಗಳು ಅದರ ಹಿಂದೆ ನಿಲ್ಲುತ್ತವೆ. ಇದರಿಂದ ಇನ್ನೊಂದು ತೊಂದರೆಯೂ ಇದೆ. ಹೊಸ ಟಿಸಿಪಿ ಸಂಪರ್ಕ 1 ಸೆಕೆಂಡ್ ಕಾದು ಉತ್ತರ ಬರದಿದ್ದರೆ ಮತ್ತೆ ಕರೆಯುತ್ತದೆ. ಪಿಂಗ್ 1,000 ದಾಟಿದ ಕೂಡಲೇ ಪ್ರತಿ ಕರೆಯೂ ಎರಡೆರಡು ಸಲ ಹೋಗಲು ಶುರುವಾಗುತ್ತದೆ. ಮೊದಲೇ ತುಂಬಿದ ಪೈಪಿಗೆ ಇನ್ನಷ್ಟು ಕಸ.

ಓಪನ್‌ಡಬ್ಲ್ಯುಆರ್‌ಟಿಯಲ್ಲಿ ಎಸ್‌ಕ್ಯೂಎಂ ಎಂಬ ಪ್ಯಾಕೇಜ್ ಹಾಕಿ. ಅದರಲ್ಲಿ ಕೇಕ್ (ಸಾಲು ನಿಭಾಯಿಸುವ ವಿಧಾನ) ಆರಿಸಿ, ಸ್ಕ್ರಿಪ್ಟ್‌ಗೆ ಪೀಸ್ ಆಫ್ ಕೇಕ್. ಡೌನ್‌ಲೋಡ್, ಅಪ್‌ಲೋಡ್ ವೇಗಗಳ ಜಾಗದಲ್ಲಿ ನೀವು ಅಳೆದದ್ದರ ಶೇ. 85ರಿಂದ 90 ಬರೆಯಿರಿ. ಆಗ ಸಾಲು ಮೋಡೆಮ್ ಬದಲು ರೌಟರ್‌ನಲ್ಲಿ ನಿಲ್ಲುತ್ತದೆ. ರೌಟರ್‌ಗೆ ಎಲ್ಲರಿಗೂ ಸರದಿ ಕೊಡುವುದು ಗೊತ್ತು.

ಇಲ್ಲಿಯವರೆಗೆ ಎಲ್ಲ ಗೈಡ್‌ಗಳೂ ಹೇಳುತ್ತವೆ. ಮುಂದಿನದನ್ನು ಬಿಟ್ಟುಬಿಡುತ್ತವೆ. ಕೇಕ್ ತಾನಾಗಿ 100 ಮಿಲಿಸೆಕೆಂಡ್ ಆರ್‌ಟಿಟಿ ಅಂದುಕೊಂಡು ಕೆಲಸ ಮಾಡುತ್ತದೆ. ಸಾಲು ಬೆಳೆದರೆ ಒಂದು ಪ್ಯಾಕೆಟ್ ಬೀಳಿಸಿ, ಕಳಿಸುವವನು ತಗ್ಗುತ್ತಾನೇನೋ ಅಂತ ಅಷ್ಟೇ ಹೊತ್ತು ಕಾಯುತ್ತದೆ. ನಮ್ಮ ಲಿಂಕ್‌ನಲ್ಲಿ ಆ ಸುದ್ದಿ ಮುಟ್ಟಿ ಪರಿಣಾಮ ಕಾಣಲು 600 ಬೇಕು. ಅಷ್ಟರಲ್ಲಿ ಕೇಕ್ ತಾಳ್ಮೆಗೆಟ್ಟು ಇನ್ನಷ್ಟು ಬೀಳಿಸಿರುತ್ತದೆ. ವೇಗ ನೆಲಕಚ್ಚುತ್ತದೆ. ಅಡ್ವಾನ್ಸ್ಡ್ ಆಯ್ಕೆಗಳಲ್ಲಿ ಎರಡೂ ದಿಕ್ಕಿಗೆ 'ಸ್ಯಾಟಲೈಟ್' ಎಂಬ ಒಂದು ಪದ ಸೇರಿಸಿ. ಇಂಗ್ಲಿಷ್ ಸಣ್ಣಕ್ಷರದಲ್ಲಿ ಬರೆಯಬೇಕು. ಅದರ ಅರ್ಥ 1,000 ಮಿಲಿಸೆಕೆಂಡ್. ಕೇಕ್ ಮಾಡಿದವರು ಇದರ ಮುಂದೆ 'ಇಂಟರ್‌ಪ್ಲಾನೆಟರಿ' ಎಂಬ ಆಯ್ಕೆಯನ್ನೂ ಇಟ್ಟಿದ್ದಾರೆ, 3,600 ಸೆಕೆಂಡ್! ತಮಾಷೆಗೆ ಇಟ್ಟಂತಿದೆ, ಸದ್ಯಕ್ಕೆ ನಮಗೆ ಬೇಡ. ಸ್ಟಾರ್‌ಲಿಂಕ್‌ನವರು 'ಸ್ಯಾಟಲೈಟ್' ಪದ ಹಾಕಲೇಬಾರದು. ಹೆಸರು ನೋಡಿ ಮೋಸಹೋಗಬೇಡಿ, ನಿಮಗೆ ಮೊದಲಿನ 100 ಸರಿ.

ಮಳೆಗಾಲದ ಮಾತು. ಉಪಗ್ರಹ ಬಳಸುವ ರೇಡಿಯೋ ಅಲೆಗಳಲ್ಲಿ ಕೆಯು ಬ್ಯಾಂಡ್, ಅದಕ್ಕಿಂತ ಜಾಸ್ತಿ ಕೆಎ ಬ್ಯಾಂಡ್, ಮಳೆಹನಿಗೆ ಹೆದರುತ್ತವೆ. ಮಳೆ ಜೋರಾದಾಗ ಈಗಿನ ಮೋಡೆಮ್ ಸಿಗ್ನಲ್ ಬಿಟ್ಟುಕೊಡುವ ಬದಲು ನಿಧಾನವಾಗಿ, ಗಟ್ಟಿಯಾಗಿ ಮಾತಾಡಲು ಶುರುಮಾಡುತ್ತದೆ. ಸಂಪರ್ಕ ಉಳಿಯುತ್ತದೆ, ವೇಗ ಇಳಿಯುತ್ತದೆ. 9 ಇದ್ದದ್ದು 4 ಆಯಿತು ಅಂದುಕೊಳ್ಳಿ. ನೀವು ರೌಟರ್‌ನಲ್ಲಿ 8 ಅಂತ ಬರೆದಿದ್ದರೆ ಸಾಲು ಮತ್ತೆ ಮೋಡೆಮ್‌ಗೆ ಹೋಗಿ ನಿಲ್ಲುತ್ತದೆ. ಘಟ್ಟದವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯ ದಿನದ ಅಳತೆಯನ್ನೇ ಬರೆದಿಡುವುದು ವಾಸಿ. ಬಿಸಿಲು ಬಂದ ದಿನ ಸ್ವಲ್ಪ ವೇಗ ಸುಮ್ನೆ ಹೋಗುತ್ತದೆ, ಹೋಗಲಿ.

6. ಕೆಲಸದ ರೀತಿ ಬದಲಿಸಿ

ದೂರದ ಸರ್ವರ್‌ನಲ್ಲಿ ಕಮಾಂಡ್ ಟೈಪ್ ಮಾಡುವವರು ಮಾಷ್ ಬಳಸಿ. ಎಸ್‌ಎಸ್‌ಎಚ್‌ನಲ್ಲಿ ಒತ್ತಿದ ಅಕ್ಷರ ಆಕಾಶಕ್ಕೆ ಹೋಗಿ ಬಂದ ಮೇಲೆ ತೆರೆಯಲ್ಲಿ ಮೂಡುತ್ತದೆ. ಮಾಷ್ ಊಹಿಸಿ ತಕ್ಷಣ ತೋರಿಸುತ್ತದೆ. ಸರ್ವರ್‌ನಲ್ಲಿ ಯುಡಿಪಿಯ 60000ದಿಂದ 61000 ಪೋರ್ಟ್ ತೆರೆದಿರಬೇಕು. ಫೈಲ್ ಕಳಿಸಲು ಆರ್‌ಸಿಂಕ್ ಒಳ್ಳೆಯದು. ಅರ್ಧ ಹೋದದ್ದನ್ನು ಉಳಿಸಿಕೊಳ್ಳುವ ಆಯ್ಕೆ ಹಾಕಿದರೆ ಕರೆಂಟ್ ಹೋಗಿ ಬಂದ ಮೇಲೆ ಅಲ್ಲಿಂದಲೇ ಮುಂದುವರಿಯುತ್ತದೆ. ಸಾವಿರ ಚಿಕ್ಕ ಫೈಲ್ ಇದ್ದರೆ ಒಂದು ಜಿಪ್ ಮಾಡಿ ಕಳಿಸಿ. ಉಪ್ಪು ಬೆಲ್ಲದ ಚೀಟಿ ನೆನಪಿದೆಯಲ್ಲ.

ನಮ್ಮ ಕಡೆ ಆಫೀಸುಗಳಲ್ಲಿ ನೋಡುವ ದೊಡ್ಡ ತಪ್ಪು, ಟ್ಯಾಲಿಯ ಡೇಟಾ ಫೋಲ್ಡರನ್ನು ವಿಪಿಎನ್ ಮೇಲೆ ಶೇರ್ ಮಾಡಿ ತೆರೆಯುವುದು. ಶೇರ್ ಮಾಡಿದ ಫೋಲ್ಡರ್ ಪ್ರತಿ ಚಿಕ್ಕ ವಿಷಯಕ್ಕೂ ಆ ಕಡೆ ಕೇಳುತ್ತದೆ. ಒಂದು ಫೈಲ್ ತೆರೆಯಲು ಹತ್ತು ಸಲ ಕೇಳಿದರೆ 6 ಸೆಕೆಂಡ್ ಆಯಿತು. ಡೇಟಾ ಇರುವ ಕಡೆಯ ಕಂಪ್ಯೂಟರ್‌ಗೆ ರಿಮೋಟ್ ಡೆಸ್ಕ್‌ಟಾಪ್ ಹಾಕಿಕೊಳ್ಳಿ. ಮೌಸ್ ಸ್ವಲ್ಪ ತಡವಾಗಿ ಓಡುತ್ತದೆ, ಆದರೆ ವೋಚರ್ ಹಾಕುವ ಕೆಲಸ ನಡೆಯುತ್ತದೆ.

ತೋಟದ ಪಂಪ್, ಹವಾಮಾನದ ಸೆನ್ಸರ್ ಥರದ್ದನ್ನು ದೂರದಿಂದ ಓದುವವರು ಟೈಮ್‌ಔಟ್ (ಉತ್ತರಕ್ಕೆ ಕಾಯುವ ಮಿತಿ) ನೋಡಿ. ಎಷ್ಟೋ ತಂತ್ರಾಂಶಗಳಲ್ಲಿ ಅದು 1 ಸೆಕೆಂಡ್ ಇರುತ್ತದೆ. 5 ಸೆಕೆಂಡ್ ಮಾಡಿ. "ಸೆನ್ಸರ್ ಕೆಟ್ಟಿದೆ" ಎಂಬ ದೂರುಗಳಲ್ಲಿ ಕೆಲವು ಅಲ್ಲೇ ಮುಗಿಯುತ್ತವೆ.

ಫೋನ್ ಮಾತಿಗೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಜಿ.114 ಶಿಫಾರಸು ಹೇಳುವುದು, ಒಂದು ದಿಕ್ಕಿಗೆ 150 ಮಿಲಿಸೆಕೆಂಡ್ ಒಳಗಿದ್ದರೆ ಚೆನ್ನ, 400 ಮೀರಬಾರದು. ಮಾತು ಒಂದು ಸಲ ಉಪಗ್ರಹಕ್ಕೆ ಹಾರಿ ಇಳಿದರೆ 300 ಆಸುಪಾಸು. ಒಬ್ಬರ ಮಾತಿನ ಮೇಲೆ ಒಬ್ಬರು ಬೀಳದಿದ್ದರೆ ನಡೆಯುತ್ತದೆ. ಆದರೆ ಎರಡು ಶಾಖೆಗಳಲ್ಲೂ ವಿಸ್ಯಾಟ್ ಇದ್ದು ಪರಸ್ಪರ ಮಾತಾಡಿದರೆ, ಸಾಮಾನ್ಯವಾಗಿ ಮಾತು ಮೊದಲು ಹಬ್‌ಗೆ ಇಳಿದು, ಮತ್ತೆ ಮೇಲೆ ಹತ್ತಿ ಇನ್ನೊಂದು ಶಾಖೆಗೆ ಇಳಿಯುತ್ತದೆ. ಎರಡು ಹಾರಿಕೆ, 600. ಯಾವ ಸೆಟ್ಟಿಂಗೂ ಇದನ್ನು ಸರಿ ಮಾಡುವುದಿಲ್ಲ. ಶಾಖೆಯಿಂದ ಶಾಖೆಗೆ ನೇರ ಹೋಗುವ ಮೆಷ್ ವ್ಯವಸ್ಥೆ ಇದೆಯೇ ಎಂದು ಕಂಪನಿಯವರನ್ನು ಕೇಳಿ. ಇಲ್ಲ ಅಂದರೆ ವಾಟ್ಸಾಪ್‌ನಲ್ಲಿ ವಾಯ್ಸ್ ಮೆಸೇಜ್ ಕಳಿಸಿಕೊಳ್ಳುವುದೇ ನೆಮ್ಮದಿ.

7. ಮತ್ತೆ ಅಳೆಯಿರಿ

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಡಿಎನ್‌ಎಸ್ ಹಾಕಿದ ಮೇಲೆ ಎರಡು ದಿನ ನೋಡಿ, ಆಮೇಲೆ ಕೇಕ್, ಆಮೇಲೆ ಉಳಿದದ್ದು. ಐದನ್ನೂ ಒಂದೇ ಭಾನುವಾರ ಮಾಡಿದರೆ ಸೋಮವಾರ ಕೆಟ್ಟದ್ದು ಯಾವುದರಿಂದ ಅಂತ ಗೊತ್ತಾಗುವುದಿಲ್ಲ. ಹೋಲಿಸುವಾಗ ಸ್ಪೀಡ್ ಟೆಸ್ಟ್ ನಂಬಬೇಡಿ. ಅದು ಒಟ್ಟಿಗೆ ಹಲವು ಸಂಪರ್ಕ ತೆರೆದು ಪೈಪ್ ತುಂಬಿಸುತ್ತದೆ. ಹಾಗಾಗಿಯೇ ನಿಮಗೆ 9 ತೋರಿಸಿದ್ದು. ದಿನಾ ತೆರೆಯುವ ಮೂರು ಸೈಟ್ ಆರಿಸಿಕೊಂಡು ಎಫ್12ರಲ್ಲಿ ಒಟ್ಟು ಸಮಯ ಬರೆದಿಡಿ.

ಇನ್ನೊಂದು. ಮಾರ್ಚ್ ನಡುವೆ ಕೆಲವು ದಿನ, ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೊದಲ ವಾರದೊಳಗೆ ಕೆಲವು ದಿನ, ನಡುಹಗಲಿನ ಹೊತ್ತಿಗೆ ಲಿಂಕ್ ಕೆಲವು ನಿಮಿಷ ಪೂರ್ತಿ ಸಾಯುತ್ತದೆ. ಮರುದಿನ ಹೆಚ್ಚುಕಡಿಮೆ ಅದೇ ಹೊತ್ತಿಗೆ ಮತ್ತೆ. ಆಗ ಸೂರ್ಯ ಉಪಗ್ರಹದ ಸರಿಯಾಗಿ ಹಿಂದೆ ಬಂದು ಡಿಶ್‌ನ ಕಿವಿಗೆ ಗದ್ದಲ ತುಂಬುತ್ತಾನೆ. ಸೆಟ್ಟಿಂಗ್ ಬದಲಿಸಬೇಡಿ, ಮೋಡೆಮ್ ರೀಸೆಟ್ ಮಾಡಬೇಡಿ, ಏಣಿ ತಗೊಂಡು ಮಾಡಿಗೆ ಹತ್ತಿ ಡಿಶ್ ಅಲುಗಾಡಿಸುವ ಕೆಲಸವಂತೂ ಬೇಡ. ಊಟ ಮುಗಿಸಿ ಬನ್ನಿ, ಲಿಂಕ್ ಬಂದಿರುತ್ತದೆ.